ಅಣ್ಣ ಸೇರಿ ಮೂವರು

ಹೋದ ವರ್ಷ ಬೇಸಿಗೆಯಲ್ಲಿ, ಟಿವಿಯವರು ಯುದ್ಧ ಯುದ್ಧ ಎಂದು ಗಂಟಲು ಹರಿದುಕೊಳ್ಳುತ್ತಿದ್ದ ವಾರ, ನಾನು ದುರ್ಗದ ನಮ್ಮ ಮನೆಯ ಹಿತ್ತಲಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದೆ. ಹನ್ನೊಂದು ವರ್ಷದ ಮೊಮ್ಮಗಳು ಎದುರಿಗೆ ಕೂತಿದ್ದಳು. ಅವಳು ಯಾವುದೋ ವಸತಿ ಶಾಲೆಯ ಪ್ರವೇಶ ಪರೀಕ್ಷೆಗೆ ತಯಾರಾಗುತ್ತಿದ್ದಳು. ಬರೆಯುವುದು ಮುಗಿದ ಮೇಲೆ ಹತ್ತಿರ ಕೂರಿಸಿಕೊಂಡು ಮನೆಯ ವಿಚಾರವನ್ನೂ ಕೇಳುತ್ತಾರಂತೆ. ಅದಕ್ಕಾಗಿ ಅವಳಮ್ಮ ಒಂದಷ್ಟು ಪ್ರಶ್ನೆಗಳನ್ನು ಬರೆದುಕೊಟ್ಟಿದ್ದಳು. ಹುಡುಗಿ ಒಂದೊಂದನ್ನೇ ನನ್ನ ಮೇಲೆ ಪ್ರಯೋಗ ಮಾಡುತ್ತಿದ್ದಳು.

"ಅಜ್ಜಿ, ನಿಮ್ಮಮ್ಮಂಗೆ ಒಟ್ಟು ಎಷ್ಟು ಜನ ಮಕ್ಕಳು?"

ನನ್ನ ಕೈ ನಿಂತಿತು. "ಮೊದ್ಲು ಆ ಬೀಜ ಬಾಚಿ ಮೊರಕ್ಕೆ ಹಾಕೇ" ಎಂದು ರೇಗಿದೆ. ಅವಳು ಕಣ್ಣು ಕಣ್ಣು ಬಿಟ್ಟಳು. "ಎಷ್ಟು ಜನ ಅಂತ ಕೇಳಿದ್ದಕ್ಕೆ ಯಾಕಜ್ಜಿ ಸಿಟ್ಟು?" ಎಂದಳು. ಸಿಟ್ಟಲ್ಲ. ಈ ಪ್ರಶ್ನೆಗೆ ನಾನು ಹಿಂದೆ ಒಂದು ಸಲ ಉತ್ತರ ಹೇಳಿದ್ದೇನೆ. ಆಗ ನನಗೆ ಅವಳಿಗಿಂತ ಒಂದೇ ವರ್ಷ ಹೆಚ್ಚು. ಆವತ್ತೂ ಯುದ್ಧ ನಡೆಯುತ್ತಿತ್ತು, ಆವತ್ತೂ ಪ್ರವೇಶ ಪರೀಕ್ಷೆಯೇ.

ನಮ್ಮದು ರಾಮಗಿರಿ ಸ್ಟೇಷನ್ನಿನಿಂದ ಎರಡು ಮೈಲಿ ಒಳಗಿದ್ದ ಹಟ್ಟಿ. ಕುರಿ ಕಾಯುವವರ ಮನೆ. ಸಂಜೆ ಕುರಿಗಳು ರೊಪ್ಪಕ್ಕೆ ಬರುವ ಹೊತ್ತಿಗೆ ಅಪ್ಪನ ತಾಯಿ, ಅಂದರೆ ನಮ್ಮಜ್ಜಿ, ಬಾಗಿಲಲ್ಲಿ ಎರಡು ಚೀಲ ಇಟ್ಟುಕೊಂಡು ಕೂರುತ್ತಿದ್ದಳು. ಒಂದರಲ್ಲಿ ಹುಣಸೆ ಬೀಜ, ಇನ್ನೊಂದು ಖಾಲಿ. ಒಂದು ಕುರಿ ಒಳಗೆ ನುಗ್ಗಿದರೆ ಒಂದು ಬೀಜ ಈ ಚೀಲದಿಂದ ಆ ಚೀಲಕ್ಕೆ. ಮೊದಲ ಚೀಲ ಬರಿದಾದರೆ ಎಲ್ಲವೂ ಮನೆ ಸೇರಿದವು ಎಂದು ಅರ್ಥ. ಬೀಜ ಉಳಿದರೆ ಅಪ್ಪ ಹುಡುಕಲು ಹೊರಡಬೇಕು. ಇಷ್ಟು ಕುರಿ ಅವೆ ಎಂದು ಸಂಖ್ಯೆಯನ್ನು ಬಾಯಲ್ಲಿ ಆಡುವುದು ಮಾತ್ರ ನಮ್ಮ ಮನೆಯಲ್ಲಿ ಇರಲೇ ಇಲ್ಲ. ಹೊರಗಿನವರು ಕೇಳಿದರೆ ಅಜ್ಜಿ, "ದೇವ್ರು ಕೊಟ್ಟಷ್ಟು ಅವೆ, ನಿಂಗ್ಯಾಕಪ್ಪ?" ಎಂದು ಅವರ ಬಾಯಿ ಮುಚ್ಚಿಸುತ್ತಿದ್ದಳು.

ಇದರಲ್ಲಿ ಇನ್ನೊಂದು ಕಟ್ಟಳೆ ಇತ್ತು. ಮೇವು ಕಡಿಮೆಯಾದಾಗ ಕೆಲವು ಕುರಿಗಳನ್ನು ನೆಂಟರ ಹಿಂಡಿನ ಜೊತೆ ಹೊಸದುರ್ಗದ ಆಚೆಗೆ ಕಳಿಸುತ್ತಿದ್ದರು. ಹಾಗೆ ಹೋದವುಗಳ ಬೀಜವನ್ನು ಅಜ್ಜಿ ಚೀಲದಿಂದ ತೆಗೆದು ಬಟ್ಟೆಯಲ್ಲಿ ಗಂಟು ಕಟ್ಟಿ ಬೇರೆ ಇಡುತ್ತಿದ್ದಳು. ವಾಪಸ್ಸು ಬಂದ ದಿನ ಗಂಟು ಬಿಚ್ಚಿ ಬೀಜವನ್ನು ಮತ್ತೆ ಚೀಲಕ್ಕೆ ಹಾಕುವುದು. ಅಲ್ಲಿಯವರೆಗೆ ಅವು ಲೆಕ್ಕಕ್ಕಿಲ್ಲ. ಯಾಕೆ ಎಂದು ನಾನು ಕೇಳಿದ್ದೆ. ನನಗೆ ಎಲ್ಲದಕ್ಕೂ ಯಾಕೆ ಎಂದು ಕೇಳುವ ಚಟ.

"ಆಚೆ ಇರೋದನ್ನ ಎಣಿಸ್ಬಾರ್ದು ಕಣೆ. ಎಣಿಸಿದ್ರೆ, ನನ್ ಲೆಕ್ಕ ಮುಗೀತು ಅಂತ ಅದು ಅಲ್ಲೇ ಉಳ್ಕಂಡ್ಬಿಡ್ತೈತೆ" ಎಂದಿದ್ದಳು ಅಜ್ಜಿ.

ಕುರಿಗೆ ಹೇಗೋ ಮಕ್ಕಳಿಗೂ ಹಾಗೆಯೇ. ಎಷ್ಟು ಮಕ್ಕಳವ್ವ ಎಂದು ಯಾರಾದರೂ ಕೇಳಿದರೆ ಅವ್ವ ಸುಮ್ಮನೆ ಒಬ್ಬೊಬ್ಬರ ಕಡೆ ಕೈ ತೋರಿಸುತ್ತಿದ್ದಳು. ಊರಲ್ಲಿ ಇಲ್ಲದವರ ಕಡೆ ಕೈ ತೋರಿಸುವುದು ಹೇಗೆ? ಅದಕ್ಕೇ, ನಾವು ಯಾರಾದರೂ ನೆಂಟರ ಮನೆಗೆ ಹೋಗಿದ್ದರೆ, ಬರುವವರೆಗೂ ಅವಳ ಮಟ್ಟಿಗೆ ಮನೆಯಲ್ಲಿ ಅಷ್ಟೇ ಮಕ್ಕಳು.

ನನಗಿಂತ ಎಂಟು ವರ್ಷ ದೊಡ್ಡವನು ಅಣ್ಣ. ನನಗಿಂತ ನಾಲ್ಕು ವರ್ಷ ಚಿಕ್ಕವನು ತಮ್ಮ. ನಡುವೆ ನಾನು. ನನಗೆ ಅಕ್ಷರ ಕಲಿಸಿದವನು ಅಣ್ಣನೇ, ಉಣ್ಣೆಯ ಮೂಟೆಯ ಮೇಲೆ ಇದ್ದಿಲಿನಲ್ಲಿ ಬರೆದು ಬರೆದು. ಆಮೇಲೆ ನಾನೇ ಅವನ ತಪ್ಪು ತಿದ್ದಲು ಶುರುಮಾಡಿದೆ. ಆಗಿನಿಂದ ಅವನು ನನ್ನನ್ನು ಹೆಸರು ಹಿಡಿದು ಕರೆಯುವುದನ್ನೇ ಬಿಟ್ಟ. "ಏನ್ ಮೇಷ್ಟ್ರೇ, ಉಂಡ್ರಾ?" "ಮೇಷ್ಟ್ರೇ, ಆ ಚೆಂಬು ಇತ್ಲಾಗೆ ಕೊಡ್ರಿ." ಹತ್ತು ವರ್ಷದ ಹುಡುಗಿಗೆ ಮೈ ಉರಿಯುತ್ತಿತ್ತು. ಈಗ ಆ ಮಾತು ಕೇಳಲು ಏನು ಬೇಕಾದರೂ ಕೊಟ್ಟೇನು.

ಅವನು ಹದಿನೆಂಟಕ್ಕೆ ಮಿಲಿಟರಿ ಸೇರಿದ. ರಾಮಗಿರಿ ಸ್ಟೇಷನ್ನಿಗೆ ನಾವೆಲ್ಲ ಹೋಗಿದ್ದೆವು. ಗುಡ್ಡದ ಕಡೆಯಿಂದ ಬಿಸಿಲು ಏರುತ್ತಿತ್ತು. ಅಜ್ಜಿ ಸೊಂಟದ ಚೀಲದಿಂದ ಒಂದು ಹುಣಸೆ ಬೀಜ ತೆಗೆದು ಅವ್ವನ ಕೈಗೆ ಕೊಟ್ಟಳು. ಅವ್ವ ಅದನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು. ರೈಲು ಹೊರಡುವಾಗ ಅಣ್ಣ ಕಿಟಕಿಯಿಂದ ನನಗೆ ಕೂಗಿ ಹೇಳಿದ: "ಏಳ್ನೇ ಕ್ಲಾಸ್ ಆಗ್ಲಿ ಮೇಷ್ಟ್ರೇ, ದುರ್ಗದಾಗೆ ಹೆಣ್ಮಕ್ಕಳ ಹೈಸ್ಕೂಲ್ ಐತೆ, ಹಾಸ್ಟೆಲ್ ಐತೆ. ಪರೀಕ್ಷೆ ಕಟ್ಟು. ಫೀಜು ನಂದು."

ಆ ಮಾತನ್ನು ಎರಡು ವರ್ಷ ನಾನು ಕಟ್ಟಿಕೊಂಡು ತಿರುಗಿದೆ. ಅಪ್ಪ ಕೆಟ್ಟವನಲ್ಲ, ಆದರೆ ಅವನ ಲೆಕ್ಕವೇ ಬೇರೆ. ಹೈಸ್ಕೂಲು ಮತ್ತು ಹಾಸ್ಟೆಲಿನ ಫೀಸು ಸೇರಿದರೆ ಒಂದು ವರ್ಷಕ್ಕೆ ನಾಲ್ಕು ಟಗರಿನ ಬೆಲೆ. "ಹೆಣ್ಣುಡುಗೀಗೆ ವರ್ಸವರ್ಸವೂ ನಾಕ್ನಾಕು ಟಗರು ಮಾರಾದಾ? ನಾಳೆ ಲಗ್ನಕ್ಕೆ ಏನ್ ಮಾರಾನ, ನನ್ ಕಂಬ್ಳೀನಾ?" ಎನ್ನುತ್ತಿದ್ದ. ತಾಳ್ಯದಲ್ಲಿ ಸೋದರಮಾವನ ಮಗ ಇದ್ದ. ಏಳನೆಯದು ಮುಗಿಯಲಿ, ಕೊಟ್ಟುಬಿಡೋಣ ಎಂದು ಮಾತಾಗಿತ್ತು. ಅಣ್ಣ ಫೀಸು ಕಳಿಸಿದರೆ ದುರ್ಗ, ಇಲ್ಲದಿದ್ದರೆ ತಾಳ್ಯ. ಹನ್ನೆರಡು ವರ್ಷಕ್ಕೆ ನನ್ನ ಮುಂದೆ ಇದ್ದ ದಾರಿಗಳು ಇವೆರಡೇ.

ಎಪ್ಪತ್ತೊಂದರ ದೀಪಾವಳಿ ಕಳೆದದ್ದೇ ಮನಿಯಾರ್ಡರು ನಿಂತುಹೋಯಿತು. ಕಾಗದವೂ ಇಲ್ಲ. ಗಡಿಗೆ ಕಳಿಸಿರಬೇಕು ಎಂದು ಪೋಸ್ಟಿನವನು ಹೇಳಿದ. ಡಿಸೆಂಬರಿನ ಮೊದಲಲ್ಲಿ ಯುದ್ಧ ಶುರುವಾಯಿತು. ದುರ್ಗದ ಆ ಶಾಲೆಯವರು ಮುಂದಿನ ಜೂನಿಗೆ ಸೇರುವವರಿಗೆ ಡಿಸೆಂಬರಿನಲ್ಲೇ ಪರೀಕ್ಷೆ ಮಾಡುತ್ತಿದ್ದರು. ನಾನು ಹಗಲೆಲ್ಲ ಅತ್ತೆ. ಸೈನಿಕರ ಮಕ್ಕಳಿಗೆ, ಒಡಹುಟ್ಟಿದವರಿಗೆ ಆ ವರ್ಷ ಫೀಸು ಪೂರ್ತಿ ಮಾಫಿ ಎಂಬ ಸುದ್ದಿಯನ್ನು ನಮ್ಮೂರ ಮೇಷ್ಟ್ರು ತಂದರು. ಅರ್ಜಿ ತುಂಬಿ, ಅಣ್ಣನ ಹಳೆಯ ಕಾಗದವೊಂದನ್ನು ಅದಕ್ಕೆ ಲಗತ್ತಿಸಿದರು. ಅರ್ಜಿಯಲ್ಲಿ ತಾಯಿಯ ಒಟ್ಟು ಮಕ್ಕಳ ಸಂಖ್ಯೆ ಎಂಬ ಕಡೆ ಅವ್ವನನ್ನು ಕೇಳಿದರೆ ಅವಳು ಒಳಗೆ ಎದ್ದು ಹೋದಳು. "ಇರ್ಲಿ, ಅಲ್ಲೇ ತುಂಬ್ಕಂತಾರೆ" ಎಂದು ಮೇಷ್ಟ್ರು ಆ ಜಾಗ ಖಾಲಿ ಬಿಟ್ಟರು. ಆ ಖಾಲಿ ಜಾಗ ನನ್ನ ಕಣ್ಣಿಗೆ ಈಗಲೂ ಕಟ್ಟಿದಂತಿದೆ.

ಪರೀಕ್ಷೆಯ ದಿನ ಅಪ್ಪ ಕುರಿ ಬಿಟ್ಟು ಬರಲಾಗದೆ ಅವ್ವನನ್ನೇ ಕಳಿಸಿದ. ಹೊಳಲ್ಕೆರೆಯಲ್ಲಿ ಬಸ್ಸು ಬದಲಿಸಿ ದುರ್ಗಕ್ಕೆ ಹೋದೆವು. ಶತ್ರು ವಿಮಾನಗಳಿಗೆ ಬೆಳಕು ಕಾಣಬಾರದೆಂದು ಬಸ್ಸಿನ ಮುಂದಿನ ದೀಪಗಳ ಮೇಲರ್ಧಕ್ಕೆ ಕಪ್ಪು ಬಣ್ಣ ಬಳಿದಿದ್ದರು. ಪೇಟೆಯಲ್ಲಿ ನಮ್ಮ ಉಣ್ಣೆ ಕೊಳ್ಳುತ್ತಿದ್ದ ಸಾಹೇಬರ ಅಂಗಡಿಗೆ ಮೊದಲು ಹೋದೆವು. ಅವರ ತಾತ ಮುತ್ತಾತಂದಿರ ಕಾಲದಿಂದ ಅಲ್ಲಿಯೇ ವ್ಯಾಪಾರ. ಆ ಸಾಲಿನಲ್ಲಿ ಕಿಟಕಿ ಗಾಜಿಗೆಲ್ಲ ಕಪ್ಪು ಕಾಗದ ಅಂಟಿಸಿದ್ದ ಅಂಗಡಿ ಅವರದೊಂದೇ. "ನಾವು ಮೊದ್ಲು ಹಚ್ಬೇಕಮ್ಮ. ತಡ ಆದ್ರೆ ಜನ ಬೇರೆ ಮಾತಾಡ್ತಾರೆ" ಎಂದು ತಣ್ಣಗೆ ನಕ್ಕರು. ನನಗೆ ಆಗ ಅದು ಅರ್ಥವಾಗಲಿಲ್ಲ.

ಸಾಹೇಬರು ಅಷ್ಟು ವರ್ಷ ನಮ್ಮ ಜೊತೆ ವ್ಯಾಪಾರ ಮಾಡಿದರೂ ಎಷ್ಟು ಕುರಿ ಎಂದು ಒಂದು ದಿನ ಕೇಳಿದವರಲ್ಲ, ಎಷ್ಟು ಮೂಟೆ ಉಣ್ಣೆ ಎಂದೇ ಕೇಳುವವರು. ಆವತ್ತೂ, "ದೊಡ್ಡೋನು ಚೆನ್ನಾಗವ್ನಾ?" ಎಂದರಷ್ಟೆ. ಅವ್ವ ಸೆರಗಿನ ಗಂಟು ಹಿಡಿದುಕೊಂಡು ತಲೆಯಾಡಿಸಿದಳು. ಅವರು ಮುಂದೆ ಕೇಳಲಿಲ್ಲ. ತಮ್ಮ ಜೇಬಿನ ಪೆನ್ನು ತೆಗೆದು ನನಗೆ ಕೊಟ್ಟರು, "ಹೋಗು ಬೇಟಿ, ಪಾಸಾಗಿ ಬಾ." ನಮ್ಮ ಮೇಷ್ಟ್ರು ಕೊಟ್ಟಿದ್ದ ಪೆನ್ನು ಸೋರುತ್ತಿದ್ದುದನ್ನು ಅವರು ನನ್ನ ಬೆರಳು ನೋಡಿಯೇ ಕಂಡುಕೊಂಡಿದ್ದರು.

ಪರೀಕ್ಷೆಯ ಕೋಣೆಯ ಕಿಟಕಿಗಳಿಗೂ ಕಪ್ಪು ಕಾಗದ. ಹಗಲು ಹೊತ್ತಿನಲ್ಲೇ ಬಲ್ಬು ಉರಿಯುತ್ತಿತ್ತು. ಗಣಿತದ ಕಾಗದದಲ್ಲಿ ಮೂರನೆಯ ಪ್ರಶ್ನೆಯನ್ನು ಎರಡು ಸಲ ಓದಿದೆ. ಒಬ್ಬ ಕುರುಬನ ಬಳಿ ಎಂಬತ್ತನಾಲ್ಕು ಕುರಿಗಳಿವೆ, ಅವುಗಳಲ್ಲಿ ನಾಲ್ಕನೆಯ ಒಂದು ಭಾಗ ರೋಗದಿಂದ ಸತ್ತರೆ ಉಳಿದವು ಎಷ್ಟು? ಎಂಥ ಜನರಪ್ಪ ಇವರು, ಲೆಕ್ಕ ಕೇಳಲು ಮಾವಿನಹಣ್ಣು ಸಿಗಲಿಲ್ಲವೇ ಎಂದು ಸಿಟ್ಟು ಬಂತು. ಆ ಲೆಕ್ಕ ಬಿಟ್ಟು ಮುಂದಕ್ಕೆ ಹೋದೆ. ಮತ್ತೆ ಹಿಂದಕ್ಕೆ ಬಂದೆ. ಒಂದೊಂದು ಅಂಕ ಹೋದಂತೆಲ್ಲ ತಾಳ್ಯ ಹತ್ತಿರವಾಗುತ್ತದೆ. ಕೊನೆಗೆ, ಇವು ಕಾಗದದ ಕುರಿ, ಕಾಗದದ ಕುರಿಗೆ ಏನೂ ಆಗುವುದಿಲ್ಲ ಎಂದುಕೊಂಡು ಅರವತ್ತಮೂರು ಎಂದು ಬರೆದೆ. ಅದನ್ನು ಬರೆದಾಗ ಏನೂ ಆಗಲಿಲ್ಲ. ಅಲ್ಲಿಯೇ ನನ್ನ ಧೈರ್ಯ ಸ್ವಲ್ಪ ಹೆಚ್ಚಿತು ಎಂದು ಈಗ ಅನಿಸುತ್ತದೆ.

ಮಧ್ಯಾಹ್ನ ಪಾಸಾದವರನ್ನು ಮಾತ್ರ ಒಬ್ಬೊಬ್ಬರಾಗಿ ತಾಯಿತಂದೆಯರ ಜೊತೆ ಒಳಗೆ ಕರೆದರು. ಹೆಡ್‌ಮಿಸ್ಟ್ರೆಸ್ ಮೇಜಿನ ಹಿಂದೆ, ಅವರ ತಲೆಯ ಮೇಲೆ ಗೋಡೆ ಗಡಿಯಾರ. ಪಕ್ಕದಲ್ಲಿ ಗುಮಾಸ್ತ. ನನ್ನ ಅಂಕ ನೋಡಿ ಆಕೆ ಮುಗುಳ್ನಕ್ಕರು. ಆಮೇಲೆ ಅರ್ಜಿ ನೋಡಿದರು.

"ಇಲ್ಲಿ ಖಾಲಿ ಬಿಟ್ಟಿದೀರಲ್ಲ? ಎಷ್ಟು ಜನ ಮಕ್ಕಳಮ್ಮ ನಿಮಗೆ?"

"ಇಬ್ರು ಅವ್ರೆ ತಾಯಿ" ಎಂದಳು ಅವ್ವ. "ಇವ್ಳೊಬ್ಳು. ಮನ್ಯಾಗೆ ಸಣ್ಣೋನೊಬ್ಬ."

"ಸಣ್ಣವನು ಮಿಲಿಟರಿಯಲ್ಲಿದಾನಾ?"

"ಅವ್ನಿಗೆ ಎಂಟು ವರ್ಸ ತಾಯಿ."

ಹೆಡ್‌ಮಿಸ್ಟ್ರೆಸ್ ಕನ್ನಡಕ ತೆಗೆದರು. "ಮತ್ತೆ ಈ ಕಾಗದ ಯಾರದು? ಸೈನಿಕ ಯಾರು?"

"ಅವ್ನೂ ನಮ್ಮೋನೇ."

"ನಮ್ಮೋನು ಅಂದ್ರೆ? ಅಣ್ತಮ್ಮನ ಮಗನಾ? ನೆಂಟನಾ?"

 ಗುಮಾಸ್ತ ಹೆಡ್‌ಮಿಸ್ಟ್ರೆಸ್ ಕಡೆ ಬಾಗಿ, "ಬೆಳಿಗ್ಗೆ ಒಬ್ಬರು ಹಿಂಗೇ ಯಾರದೋ ಕಾಗದ ತಂದಿದ್ರು ಮೇಡಂ" ಎಂದ. ಹೆಡ್‌ಮಿಸ್ಟ್ರೆಸ್ ಕೆಟ್ಟವರಲ್ಲ. ಆಮೇಲೆ ಮೂರು ವರ್ಷ ಅವರ ಒಳ್ಳೆಯತನವನ್ನು ನಾನು ಉಂಡಿದ್ದೇನೆ. ಆದರೆ ಅವರು ಸಂಖ್ಯೆಯೊಂದನ್ನು ಬರೆಯಬೇಕಿತ್ತು. "ನೋಡಿಯಮ್ಮ, ಅವನು ನಿಮ್ಮ ಹೊಟ್ಟೆಯಲ್ಲಿ ಹುಟ್ಟಿದವನೇ ಆದರೆ ಲೆಕ್ಕದಲ್ಲಿ ಸೇರಿಸಿ ಹೇಳಿ. ಇಬ್ಬರೇ ಅಂತ ನೀವೇ ಹೇಳಿದ ಮೇಲೆ ನಾನು ಮಾಫಿ ಕೊಡೋದು ಹೆಂಗೆ? ಫೀಸು ಕಟ್ಟೋ ಹಾಗಿದ್ದರೆ ಕಟ್ಟಿ, ಸೀಟು ಇದೆ. ಎಣಿಸಿ ಹೇಳಿ, ಎಷ್ಟು ಜನ?"

ಅವ್ವ ನೆಲ ನೋಡುತ್ತ ಮತ್ತೆ ಅದನ್ನೇ ಹೇಳಿದಳು. "ಇಬ್ರು."

ಗುಮಾಸ್ತ ನನ್ನ ಅರ್ಜಿಯನ್ನು ಎತ್ತಿ ಇನ್ನೊಂದು ಕಟ್ಟಿನ ಕಡೆಗೆ ಒಯ್ದ. ಅಯ್ಯೋ, ಆ ಕೈ! ಅವನ ಕೈಯ ಜೊತೆ ನಾನೂ ತಾಳ್ಯಕ್ಕೆ ಹೊರಟಿದ್ದೆ. ಅವ್ವನ ಬೆರಳು ಸೆರಗಿನ ಗಂಟಿನ ಮೇಲಿತ್ತು. ಅವಳು ಯಾಕೆ ಹೇಳುತ್ತಿಲ್ಲ ಎಂದು ಆ ಕೋಣೆಯಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಗೊತ್ತಿದ್ದೂ ಬಾಯಿ ಬಿಟ್ಟೆ.

"ಮೂವರು ಮೇಡಂ. ಅಣ್ಣ ಸೇರಿ ಮೂವರು."

ಹೆಡ್‌ಮಿಸ್ಟ್ರೆಸ್ ಅವ್ವನನ್ನು ನೋಡಿದರು. ಅವ್ವ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಅವಳ ಕಣ್ಣಲ್ಲಿ ನೀರು ಬಂದದ್ದನ್ನು ಕಂಡು ಆಕೆಗೆ ನಂಬಿಕೆ ಬಂದಿರಬೇಕು. ಖಾಲಿ ಜಾಗದಲ್ಲಿ ಮೂರು ಎಂದು ಬರೆದು, ಕೆಳಗೆ ಸಹಿ ಹಾಕಿದರು. ನಾನು ಗಡಿಯಾರ ನೋಡಿದೆ. ಯಾಕೆ ನೋಡಿದೆನೋ ಗೊತ್ತಿಲ್ಲ. ಮೂರು ಗಂಟೆ ಹತ್ತು ನಿಮಿಷ.

ವಾಪಸ್ಸು ಬರುವಾಗ ಹೊಳಲ್ಕೆರೆ ದಾಟಿದರೂ ಅವ್ವ ಬುತ್ತಿ ಬಿಚ್ಚಲಿಲ್ಲ. ಸಾಹೇಬರ ಮನೆಯವರು ಕಟ್ಟಿಕೊಟ್ಟಿದ್ದ ರೊಟ್ಟಿಯ ಗಂಟು ಅವಳ ತೊಡೆಯ ಮೇಲೆ ಹಾಗೆಯೇ ಇತ್ತು. ಸೀಟು ಸಿಕ್ಕಿದ ಖುಷಿಯಲ್ಲಿ ನನಗೆ ಹೊಟ್ಟೆ ಹಸಿದಿತ್ತು, ಆದರೆ ಕೇಳಲು ಹೆದರಿಕೆ. ಕೊನೆಗೆ ಅವಳು ಕಿಟಕಿಯ ಕಡೆಗೆ ಮುಖ ಮಾಡಿಕೊಂಡೇ, "ಬಾಯ್ಬಿಟ್ಟು ಅಂದ್ಬಿಟ್ಯಲ್ಲೇ" ಎಂದಳು. ಅಷ್ಟೇ. ಅದಾದ ಮೇಲೆ ಬಹಳ ವರ್ಷ ಈ ವಿಷಯ ನಮ್ಮಿಬ್ಬರ ನಡುವೆ ಬರಲೇ ಇಲ್ಲ.

ಯುದ್ಧ ಬೇಗ ಮುಗಿಯಿತು. ನಾವು ಗೆದ್ದೆವೆಂದು ಶಾಲೆಯಲ್ಲಿ ಮಂಡಕ್ಕಿ ಬೆಲ್ಲ ಹಂಚಿದರು. ಸಂಕ್ರಾಂತಿ ಕಳೆದ ಮೇಲೆ ಕಾಗದ ಬಂತು. ಇಂಗ್ಲಿಷಿನಲ್ಲಿದ್ದ ಅದನ್ನು ಮೇಷ್ಟ್ರು ರೊಪ್ಪದ ಬಾಗಿಲಲ್ಲಿ ನಿಂತು ಓದಿ ಹೇಳಿದರು. ಸತ್ತಿದ್ದಾನೆ ಎಂದು ಇರಲಿಲ್ಲ, ಕಾಣೆಯಾಗಿದ್ದಾನೆ ಎಂದಿತ್ತು. ಯಾವತ್ತಿನಿಂದ ಎಂದು ಅಪ್ಪ ಕೇಳಿದ. ಮೇಷ್ಟ್ರು ತಾರೀಖು ಹೇಳಿ, ನನ್ನ ಕಡೆ ತಿರುಗಿ, "ನಿನ್ ಪರೀಕ್ಷೆ ಇದ್ದ ದಿನವೇ ಕಣಮ್ಮ" ಎಂದರು. ಪಾಪ, ಅವರಿಗೇನು ಗೊತ್ತು! ಅವ್ವ ನನ್ನನ್ನು ನೋಡಲಿಲ್ಲ. ನೋಡಿಬಿಟ್ಟಿದ್ದರೆ ಚೆನ್ನಾಗಿತ್ತು. ಎರಡು ಹೊಡೆದಿದ್ದರಂತೂ ಇನ್ನೂ ಚೆನ್ನಾಗಿತ್ತು.

ಜೂನಿನಲ್ಲಿ ನಾನು ಹೈಸ್ಕೂಲಿಗೆ ಹೋದೆ. ಹೋಗುವುದಿಲ್ಲ ಎಂದು ಹಟ ಮಾಡಿದ್ದೆ. ಅಪ್ಪನೇ, ಟಗರಿನ ಲೆಕ್ಕ ಹಾಕುತ್ತಿದ್ದ ಅಪ್ಪನೇ, "ಅವ್ನು ಹೇಳಿದ್ದು ನಡೀಲಿ, ಹೋಗಾಣ ನಡಿ" ಎಂದು ಟ್ರಂಕು ಹೊತ್ತು ಬಂದು ಬಿಟ್ಟುಹೋದ. ಫೀಸು ಕಟ್ಟುವ ದಿನ ಎಲ್ಲರ ಜೊತೆ ನಾನೂ ಸಾಲಿನಲ್ಲಿ ನಿಲ್ಲಬೇಕಿತ್ತು. ಬೇರೆಯವರು ದುಡ್ಡು ಕೊಟ್ಟು ರಸೀದಿ ತಗೊಳ್ಳುವರು. ನನಗೆ ದುಡ್ಡಿಲ್ಲದ ರಸೀದಿ. ಮೊತ್ತದ ಜಾಗದಲ್ಲಿ ಸೊನ್ನೆ, ಕೆಳಗೆ 'ಸೈನಿಕನ ತಂಗಿ' ಎಂಬ ಷರಾ. ನನ್ನ ಹಿಂದೆ ನಿಂತ ಹುಡುಗಿಯರು, "ನಿಂಗೇನಮ್ಮ, ಪುಣ್ಯವಂತೆ" ಎನ್ನುತ್ತಿದ್ದರು. ಫೀಜು ನಂದು ಎಂದಿದ್ದನಲ್ಲ, ಹೇಳಿದಂತೆ ಅವನೇ ಕಟ್ಟಿದ. ಆ ರಸೀದಿಗಳೆಲ್ಲ ನನ್ನ ಬಳಿ ಇವೆ. ಎಷ್ಟು ಎಂದು ಎಣಿಸಿಲ್ಲ.

ಓದಿ ವಿಜ್ಞಾನದ ಮೇಡಂ ಆದೆ. ಮಕ್ಕಳಿಗೆ ಕಾರ್ಯ, ಕಾರಣ, ಪ್ರಯೋಗ, ಪುರಾವೆ ಎಂದು ಬೋರ್ಡಿನ ಮೇಲೆ ಬರೆದು ಬರೆದು ಕೈ ಸವೆಸಿದೆ. ಗ್ರಹಣದ ದಿನ ಹುಡುಗರಿಗೆ ಮಂಡಕ್ಕಿ ತಿನ್ನಿಸಿ ಊರ ಹಿರಿಯರ ಹತ್ತಿರ ಬೈಸಿಕೊಂಡವಳು ನಾನು. ಅದೇ ನಾನು ಹಾಜರಿ ಕೂಗುವಾಗ ಬಾರದ ಮಕ್ಕಳ ಹೆಸರು ಬಂದರೆ ನಾಲಿಗೆ ತಡವರಿಸುತ್ತಿದ್ದೆ. ಒಟ್ಟು ಎಷ್ಟು ಎಂದು ಬರೆಯುವ ಕೆಲಸವನ್ನು ಮಾನಿಟರಿಗೆ ಬಿಡುತ್ತಿದ್ದೆ. ಮೇಡಮ್ಮಿಗೆ ಕೂಡುವ ಲೆಕ್ಕ ಬರಲ್ಲ ಎಂದು ಹುಡುಗರು ಹಿಂದಿನಿಂದ ನಗುತ್ತಿದ್ದರು.

ಅವ್ವ ಮಾತ್ರ ಬದಲಾಗಲಿಲ್ಲ. ಯುದ್ಧಕೈದಿಗಳು ವಾಪಸ್ಸು ಬಂದರು, ಅವರಲ್ಲಿ ಅಣ್ಣ ಇರಲಿಲ್ಲ. ಏಳು ವರ್ಷ ಕಳೆದ ಮೇಲೆ ಸತ್ತನೆಂದು ತಿಳಿಯಬಹುದು, ಸಹಿ ಹಾಕಿದರೆ ಪಿಂಚಣಿ ಬರುತ್ತದೆ ಎಂದು ಕಾಗದ ಬಂತು. ಅವ್ವ ಹೆಬ್ಬೆಟ್ಟು ಒತ್ತಲಿಲ್ಲ. ಜನಗಣತಿಯವರು, ರೇಷನ್ ಕಾರ್ಡಿನವರು, ಯಾರು ಬಂದು ಕೇಳಿದರೂ "ಇಬ್ರು." ಕೇಳಿದವರೆಲ್ಲ, ಪಾಪ, ದೊಡ್ಡವನು ಹೋದನೆಂದು ಒಪ್ಪಿಕೊಂಡಿದ್ದಾಳೆ ಎಂದುಕೊಂಡರು. ಅವಳು ಎಣಿಸದೇ ಇದ್ದದ್ದು ಅವನು ಬರುತ್ತಾನೆಂಬ ನಂಬಿಕೆಗೆ. ಅಜ್ಜಿ ತೀರಿಕೊಂಡ ಮೇಲೆ ಇದು ಗೊತ್ತಿದ್ದವಳು ನಾನೊಬ್ಬಳೇ. ಸೀರೆ ಬದಲಿಸಿದಾಗಲೆಲ್ಲ ಹಳೆಯ ಸೆರಗಿನಿಂದ ಬೀಜ ಬಿಚ್ಚಿ ಹೊಸ ಸೆರಗಿಗೆ ಕಟ್ಟಿಕೊಳ್ಳುತ್ತಿದ್ದಳು. ನಾನು ಕೋಣೆಯಲ್ಲಿದ್ದರೆ ಗೋಡೆಯ ಕಡೆ ತಿರುಗಿ ಕಟ್ಟಿಕೊಳ್ಳುತ್ತಿದ್ದಳು. ಅವಳ ಆ ಬೆನ್ನು ನನಗೆ ಕನಸಿನಲ್ಲೂ ಬರುತ್ತದೆ.

ನಾನು ಹಿರಿಯೂರಿನಲ್ಲಿ ಕೆಲಸ ಮಾಡುತ್ತಿದ್ದಾಗ, ಬಸ್‌ಸ್ಟಾಂಡಿನ ಹತ್ತಿರ ಸೈಕಲ್ ಶಾಪ್ ಇಟ್ಟಿದ್ದ ಮಾಜಿ ಸೈನಿಕರೊಬ್ಬರು ಅಣ್ಣನ ತುಕಡಿಯಲ್ಲೇ ಇದ್ದವರು ಎಂದು ತಿಳಿಯಿತು. ಮೂರು ದಿನ ಅಂಗಡಿಯ ಮುಂದೆ ಸುಳಿದಾಡಿ, ನಾಲ್ಕನೆಯ ದಿನ ಒಳಗೆ ಹೋದೆ. ಅವರು ಗ್ರೀಸಿನ ಕೈ ಒರೆಸಿಕೊಂಡು ಸ್ಟೂಲ್ ಎಳೆದರು. "ಕುಂತ್ಕಳ್ರಿ ಮೇಡಂ. ನಿಮ್ಮಣ್ಣ ಒಳ್ಳೆ ನಗ್ಸೋನು. ತಂಗಿ ಮೇಷ್ಟ್ರು ಆಗ್ತಾಳೆ ಅಂತಿದ್ದ. ಒಂದು ಗಾಡಿ ಮುಂದಕ್ಕೆ ಹೋತು, ಅದ್ರಾಗೆ ಅವ್ನಿದ್ದ. ಗಾಡಿ ತಿರುಗಿ ಬರ್ಲಿಲ್ಲ" ಎಂದರು.

"ಎಷ್ಟು ಹೊತ್ತಿಗೆ?" ಎಂದೆ.

"ಬೆಳಿಗ್ಗೆ ಚಾ ಕುಡಿದ್ವಿ... ಅಲ್ಲ, ಅದು ಹಿಂದಿನ ದಿನ. ಯುದ್ಧದಾಗೆ ಟೈಮ್ ಯಾರ್ ನೋಡ್ತಾರ್ರಿ?"

"ಮಧ್ಯಾಹ್ನ ಮೂರಕ್ಕೆ ಮುಂಚೆನಾ, ಆಮೇಲಾ? ನೆನಪು ಮಾಡ್ಕಳ್ರಿ, ದಮ್ಮಯ್ಯ."

ಯಾಕೆ ಎಂದು ಅವರು ಕೇಳಿದರು. ಏನೆಂದು ಹೇಳಲಿ? ಮೂರು ಗಂಟೆ ಹತ್ತು ನಿಮಿಷಕ್ಕಿಂತ ಮುಂಚೆ ಆಗಿದ್ದರೆ ನನ್ನ ತಪ್ಪಲ್ಲ, ಆಮೇಲೆ ಆಗಿದ್ದರೆ ನನ್ನದೇ ಎಂದು ವಿಜ್ಞಾನದ ಮೇಡಂ ಬಾಯಲ್ಲಿ ಹೇಗೆ ಬರಬೇಕು? ಅವರು ನನ್ನ ಮುಖ ನೋಡಿದರು. "ಬೆಳಿಗ್ಗೆ ಅಂದ್ರೆ ನಿಮಗೆ ಸಮಾಧಾನ ಆಗೋದಾದ್ರೆ, ಬೆಳಿಗ್ಗೇನೇ ಅಂತ ತಿಳ್ಕಳ್ರ್ಯಮ್ಮ" ಎಂದರು. ಅಲ್ಲಿಗೆ ಆ ದಾರಿಯೂ ಮುಚ್ಚಿತು. ಮತ್ತೆ ನಾನು ಆ ಬೀದಿಯಲ್ಲಿ ಓಡಾಡಲಿಲ್ಲ.

ಅವ್ವ ಕೊನೆಯ ವರ್ಷಗಳಲ್ಲಿ ದುರ್ಗದಲ್ಲಿ ನನ್ನ ಜೊತೆಗೇ ಇದ್ದಳು. ಎಂಬತ್ತು ದಾಟಿತ್ತು. ಒಂದು ಬೆಳಿಗ್ಗೆ ಉಸಿರು ಸಿಕ್ಕಿಕೊಂಡಿತೆಂದು ಆಸ್ಪತ್ರೆಗೆ ಸೇರಿಸಿದೆವು. ಆಸ್ಪತ್ರೆಯ ಅಂಗಿ ತೊಡಿಸಿದ್ದರಿಂದ ಸೆರಗಿರಲಿಲ್ಲ. ಬೀಜವನ್ನು ಕರ್ಚೀಫಿನಲ್ಲಿ ಗಂಟು ಹಾಕಿಸಿ ಮುಷ್ಟಿಯಲ್ಲಿ ಹಿಡಿದುಕೊಂಡಿದ್ದಳು. ಗಂಟು ಹಾಕಿದವಳು ನಾನೇ. ಅಷ್ಟು ವರ್ಷದಲ್ಲಿ ಅವಳು ಅದನ್ನು ನನ್ನ ಕೈಗೆ ಕೊಟ್ಟದ್ದು ಅದೇ ಮೊದಲು. ಬೀಜ ನಯವಾಗಿ, ಕನ್ನಡಿ ಹೊಳೆದಂತೆ ಹೊಳೆಯುತ್ತಿತ್ತು.

ಚಿಕ್ಕ ವಯಸ್ಸಿನ ನರ್ಸ್ ಒಬ್ಬಳು ಫಾರಂ ಹಿಡಿದು ಬಂದಳು. ಹೆಸರು, ಊರು, ವಯಸ್ಸು ಎಲ್ಲ ನಾನೇ ಹೇಳುತ್ತಿದ್ದೆ. ಅವಳು ಮುದುಕಿಯನ್ನು ಮಾತಾಡಿಸಬೇಕೆಂಬ ಪ್ರೀತಿಗೆ, "ಅಜ್ಜಿ, ನೀನು ಹೇಳು ನೋಡಾನ, ಎಷ್ಟು ಜನ ಮಕ್ಕಳು ನಿಂಗೆ?" ಎಂದಳು. ನಾನು ಕಿಟಕಿಯ ಕಡೆ ತಿರುಗಿದೆ. ಅವ್ವ ಹೇಳುವ ಆ ಒಂದು ಮಾತನ್ನು ಕೇಳಿಸಿಕೊಳ್ಳುವಾಗಲೆಲ್ಲ ಹಾಗೆ ಬೇರೆ ಕಡೆ ತಿರುಗುವುದು ನನಗೆ ರೂಢಿಯಾಗಿತ್ತು.

"ಮೂವರು" ಎಂದಳು ಅವ್ವ. "ಇಬ್ರು ಗಂಡು, ಒಂದು ಹೆಣ್ಣು."

ನರ್ಸು ಬರೆದುಕೊಂಡು ಹೋದಳು.  "ಅವ್ವ, ಏನಂದೆ ನೀನು? ಯಾಕ್ ಹಂಗಂದೆ?" ಎಂದು ಅವಳ ಭುಜ ಹಿಡಿದೆ. ಅವಳು ಉಸಿರು ಎಳೆದುಕೊಂಡು, ನಿಧಾನಕ್ಕೆ, ನನ್ನ ಮುಖವನ್ನೇ ನೋಡುತ್ತ ಹೇಳಿದಳು.

"ಈಗ ನಾನೂ ಎಣಿಸೀನಿ ಕಣವ್ವ. ನೀನೊಬ್ಳೇ ಅಲ್ಲ."

ಮುಷ್ಟಿ ಬಿಚ್ಚಿ ಕರ್ಚೀಫಿನ ಗಂಟನ್ನು ನನ್ನ ಅಂಗೈಗೆ ಹಾಕಿದಳು. ನಾನು ಅವಳ ಹಾಸಿಗೆಯ ಅಂಚಿಗೆ ತಲೆಯಿಟ್ಟು ಹನ್ನೆರಡು ವರ್ಷದ ಹುಡುಗಿಯ ಹಾಗೆ ಅತ್ತೆ. ಆ ವಾರವೇ ಅವಳು ಹೋದಳು.

ಬೀಜ ಬಾಚಿ ಮೊರಕ್ಕೆ ಹಾಕಿ ಮೊಮ್ಮಗಳು ಮತ್ತೆ ಬಂದು ಕೂತಳು. ಹುಡುಗಿ ನನ್ನ ಹಾಗೆಯೇ, ಹಿಡಿದ ಪ್ರಶ್ನೆ ಬಿಡುವವಳಲ್ಲ. "ಹೇಳಜ್ಜಿ, ನಿಮ್ಮಮ್ಮಂಗೆ ಎಷ್ಟು ಜನ?"

"ಇಬ್ರು" ಎಂದೆ. "ನಾನು, ಊರಲ್ಲಿರೋ ತಾತ."

"ಮತ್ತೆ ಗೋಡೆ ಮೇಲಿರೋ ಫೋಟೋದಲ್ಲಿ ಮಿಲಿಟರಿ ಡ್ರೆಸ್ ಹಾಕ್ಕೊಂಡಿರೋರು?"

"ಅವನು ನಮ್ಮಣ್ಣ."

"ಅಯ್ಯೋ ಅಜ್ಜಿ, ಹಂಗಾದ್ರೆ ಮೂರಲ್ವಾ? ಮೇಡಂ ಆಗಿ ಇಷ್ಟೂ ಲೆಕ್ಕ ಬರಲ್ವಾ?" ಎಂದು ಕಿಲಕಿಲ ನಕ್ಕಳು.

ಒಳಗೆ ಟಿವಿಯವನು ಕಿರುಚುತ್ತಿದ್ದ. ಅವ್ವ ಕೊಟ್ಟ ಬೀಜ ಕಟ್ಟಿಕೊಂಡಿದ್ದ ನನ್ನ ಸೆರಗಿನ ತುದಿ ನನ್ನ ಕೈಯಲ್ಲೇ ಇತ್ತು. ನನ್ನ ಮೇಲಿನ ಭಾರ ಇಳಿಸಲು ಅವ್ವ ತಾನು ಅಷ್ಟು ವರ್ಷ ಕಾದದ್ದನ್ನು ಒಂದೇ ಮಾತಿನಲ್ಲಿ ಬಿಟ್ಟುಕೊಟ್ಟಿದ್ದಳು. ಇನ್ನು ಅವನಿಗಾಗಿ ಕಾಯಲು ಉಳಿದವಳು ನಾನೊಬ್ಬಳೇ.

"ಇಬ್ರು ಅಂತಾನೇ ಬರ್ಕೋ" ಎಂದೆ.